ಕ್ಯಾನ್ಸರ್‌ನಿಂದ ಬಂದ ಕಾಮಾಲೆಗೆ ಇಯುಎಸ್ ಮೂಲಕ ಸ್ಟೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

"ಇಆರ್‌ಸಿಪಿಯಲ್ಲಿ ಆಗಲಿಲ್ಲ, ಇಯುಎಸ್‌ನಲ್ಲಿ ಸ್ಟೆಂಟ್ ಹಾಕೋಣ" ಎಂದು ವೈದ್ಯರು ಹೇಳಿದಾಗ ರೋಗಿಗೂ ಮನೆಯವರಿಗೂ ತಕ್ಷಣ ಅರ್ಥವಾಗುವುದು ಕಡಿಮೆ. ಸ್ಟೆಂಟ್ ಎಂದರೆ ಪಿತ್ತಕ್ಕೆ ದಾರಿ ತೆರೆದಿಡುವ ಪುಟ್ಟ ಕೊಳವೆ. ಬಾಯಿಯಿಂದ ಇಳಿಸುವ ಕ್ಯಾಮೆರಾ ಕೊಳವೆಯಾದ ಎಂಡೋಸ್ಕೋಪಿನಿಂದ ಅದನ್ನು ಹಾಕುವ ಎರಡು ವಿಧಾನಗಳು ಇಆರ್‌ಸಿಪಿ ಮತ್ತು ಇಯುಎಸ್. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ತಿಳಿದಿರಬೇಕಾದದ್ದು, ಮನೆಗೆ ಬಂದ ಮೇಲೆ ಗಮನಿಸಬೇಕಾದದ್ದು ಎರಡೂ ಇಲ್ಲಿವೆ.

ಕ್ಯಾನ್ಸರ್ ಇದ್ದವರಿಗೆ ಕಾಮಾಲೆ ಯಾಕೆ ಬರುತ್ತದೆ?

ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ನಷ್ಟು ಪಿತ್ತರಸ ತಯಾರಿಸುತ್ತದೆ. ಎಡಭಾಗದ ನಾಳ, ಬಲಭಾಗದ ನಾಳ ಎರಡೂ ಲಿವರ್‌ನ ಬುಡದಲ್ಲಿ ಕೂಡಿ ಒಂದೇ ಮುಖ್ಯ ಪಿತ್ತನಾಳವಾಗುತ್ತದೆ. ಅದು ಕೆಳಗಿಳಿದು ಮೇದೋಜೀರಕ ಗ್ರಂಥಿಯ ತಲೆಭಾಗವನ್ನು ಹಾದು, ಸಣ್ಣ ಕರುಳಿನ ಮೊದಲ ತುಂಡಾದ ಡ್ಯುಯೊಡಿನಮ್‌ಗೆ ಪ್ಯಾಪಿಲ್ಲಾ ಎಂಬ ಪುಟ್ಟ ಬಾಯಿಯ ಮೂಲಕ ತೆರೆದುಕೊಳ್ಳುತ್ತದೆ. ಈ ದಾರಿಯಲ್ಲಿ ಎಲ್ಲಿ ಗಡ್ಡೆ ಬೆಳೆದರೂ ರಸ ಹಿಂದಕ್ಕೆ ನಿಲ್ಲುತ್ತದೆ. ಮೇದೋಜೀರಕದ ತಲೆಭಾಗದ ಕ್ಯಾನ್ಸರ್, ಪಿತ್ತನಾಳದ್ದೇ ಕ್ಯಾನ್ಸರ್, ಪಿತ್ತಕೋಶದ ಕ್ಯಾನ್ಸರ್, ಪ್ಯಾಪಿಲ್ಲಾದ ಗಡ್ಡೆ, ಬೇರೆಡೆಯ ಕ್ಯಾನ್ಸರ್ ಹರಡಿ ಊದಿಕೊಂಡ ದುಗ್ಧಗ್ರಂಥಿಗಳು – ಸಾಮಾನ್ಯ ಕಾರಣಗಳು ಇವು.

ರಸ ಕರುಳಿಗೆ ಇಳಿಯದಿದ್ದರೆ ಅದರಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ, ಮಲ ಸುಣ್ಣದಂತೆ ಬಿಳಚುತ್ತದೆ, ಮೈಯೆಲ್ಲ ತುರಿಸುತ್ತದೆ. ವೈರಸ್‌ನಿಂದ ಬರುವ ಕಾಮಾಲೆಯೇ ಬೇರೆ. ಅದು ಬಹುಪಾಲು ತಾನಾಗಿ ಇಳಿಯುತ್ತದೆ. ಇದು ದಾರಿ ಕಟ್ಟಿಕೊಂಡು ಬಂದದ್ದು. ಯಾವ ಪಥ್ಯವೂ ಯಾವ ಔಷಧವೂ ಈ ತಡೆಯನ್ನು ಬಿಡಿಸುವುದಿಲ್ಲ. ರಸಕ್ಕೆ ದಾರಿ ಮಾಡಿಕೊಡಲೇಬೇಕು.

ಅಷ್ಟು ಅವಸರ ಇದೆಯೇ?

ಜ್ವರ, ನಡುಕ, ರಕ್ತದೊತ್ತಡ ಕುಸಿತ, ಗೊಂದಲದ ಮಾತು – ಇವುಗಳಲ್ಲಿ ಯಾವುದಿದ್ದರೂ ಅವಸರ ಇದೆ. ಕಟ್ಟಿನಿಂತ ಪಿತ್ತಕ್ಕೆ ಸೋಂಕು ತಗುಲಿದರೆ ಗಂಟೆಗಳಲ್ಲಿ ರಕ್ತವೆಲ್ಲ ನಂಜಾಗಬಹುದು. ಅಂಥವರಿಗೆ ಆಂಟಿಬಯಾಟಿಕ್ ಜೊತೆಗೆ ಬೇಗನೆ ದಾರಿ ಬಿಡಿಸಬೇಕು.

ಜ್ವರ ಇಲ್ಲದಿದ್ದರೆ ಕೆಲವು ದಿನಗಳ ಸಮಯ ಸಿಗುತ್ತದೆ. ಆ ಸಮಯದಲ್ಲಿ ಒಳ್ಳೆಯ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಳ್ಳಿ. ಇದನ್ನು ಒತ್ತಿ ಹೇಳುತ್ತೇವೆ: ಸ್ಟೆಂಟ್ ಹಾಕುವ ಮೊದಲೇ ಸ್ಕ್ಯಾನ್ ಆಗಬೇಕು. ಲೋಹದ ಸ್ಟೆಂಟ್ ಒಳಗೆ ಹೋದ ಮೇಲೆ ಅದರ ನೆರಳು ಚಿತ್ರದ ಮೇಲೆ ಬೀಳುತ್ತದೆ, ಸುತ್ತಲಿನ ಊತ ಗಡ್ಡೆಯಂತೆ ಕಾಣುತ್ತದೆ. ರಕ್ತನಾಳಕ್ಕೆ ಗಡ್ಡೆ ಅಂಟಿದೆಯೇ ಇಲ್ಲವೇ ಎಂದು ಸರ್ಜನ್‌ಗೆ ಆಗ ಹೇಳುವುದು ಕಷ್ಟವಾಗುತ್ತದೆ.

ಕೀಮೋಥೆರಪಿ ಶುರುವಾಗಬೇಕಿದ್ದರೂ ಕಾಮಾಲೆ ಇಳಿಯಬೇಕು. ಇರಿನೊಟೆಕಾನ್‌ನಂಥ ಔಷಧ ದೇಹದಿಂದ ಹೊರಹೋಗುವುದೇ ಹೆಚ್ಚಾಗಿ ಪಿತ್ತದ ಮೂಲಕ. ಬಿಲಿರುಬಿನ್ ಏರಿದ್ದಾಗ ಕೊಟ್ಟರೆ ಅದು ಮೈಯಲ್ಲೇ ಉಳಿದು ವಿಷವಾಗುತ್ತದೆ. ತುರಿಕೆಯದೂ ಸಣ್ಣ ವಿಷಯವಲ್ಲ. ರಾತ್ರಿಯಿಡೀ ನಿದ್ದೆ ಕೆಡಿಸುತ್ತದೆ. ತುರಿಕೆಗೆ ಕೊಡುವ ಕೊಲೆಸ್ಟೈರಮಿನ್ ಪುಡಿ ಕರುಳಿನಲ್ಲಿರುವ ಪಿತ್ತಲವಣವನ್ನು ಹಿಡಿದು ಕೆಲಸ ಮಾಡುತ್ತದೆ. ನಾಳ ಪೂರ್ತಿ ಕಟ್ಟಿದ್ದರೆ ಕರುಳಿಗೆ ಪಿತ್ತವೇ ಬರುವುದಿಲ್ಲವಾದ್ದರಿಂದ ಅದರಿಂದ ಪ್ರಯೋಜನವಿಲ್ಲ.

ಇಆರ್‌ಸಿಪಿ ಯಾವಾಗ ಆಗುವುದಿಲ್ಲ?

ಇಆರ್‌ಸಿಪಿಯಲ್ಲಿ ಪಕ್ಕಕ್ಕೆ ನೋಡುವ ಎಂಡೋಸ್ಕೋಪನ್ನು ಡ್ಯುಯೊಡಿನಮ್‌ವರೆಗೆ ಇಳಿಸಿ, ಪ್ಯಾಪಿಲ್ಲಾದ ಬಾಯಿಯಿಂದಲೇ ಮೇಲಕ್ಕೆ ತಂತಿ ಏರಿಸಿ ಸ್ಟೆಂಟ್ ಹಾಕುತ್ತಾರೆ. ಇದು ಹಳೆಯ, ಚೆನ್ನಾಗಿ ಪಳಗಿದ ದಾರಿ. ಹತ್ತರಲ್ಲಿ ಒಂಬತ್ತು ಜನರಿಗೆ ಇದರಲ್ಲೇ ಕೆಲಸ ಮುಗಿಯುತ್ತದೆ. ಆಗದಿರಲು ಮೂರು ಮುಖ್ಯ ಕಾರಣಗಳು: ಗಡ್ಡೆ ಡ್ಯುಯೊಡಿನಮ್ಮನ್ನೇ ಒತ್ತಿ ಎಂಡೋಸ್ಕೋಪ್ ಪ್ಯಾಪಿಲ್ಲಾ ತಲುಪದಿರುವುದು, ಗಡ್ಡೆ ಪ್ಯಾಪಿಲ್ಲಾವನ್ನು ನುಂಗಿ ಬಾಯಿ ಕಾಣದಿರುವುದು, ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಜಠರ–ಕರುಳಿನ ಜೋಡಣೆ ಬದಲಾಗಿರುವುದು. ಇನ್ನು ಕೆಲವೊಮ್ಮೆ ತಂತಿ ಪಿತ್ತನಾಳಕ್ಕೆ ಹೋಗದೆ ಮತ್ತೆ ಮತ್ತೆ ಮೇದೋಜೀರಕದ ನಾಳಕ್ಕೇ ಹೋಗುತ್ತದೆ. ಹಟ ಹಿಡಿದು ಪ್ರಯತ್ನಿಸಿದಷ್ಟೂ ಮೇದೋಜೀರಕದ ಉರಿಯೂತದ ಅಪಾಯ ಹೆಚ್ಚುತ್ತದೆ. ಅಲ್ಲಿ ನಿಲ್ಲಿಸಿ ದಾರಿ ಬದಲಿಸುವ ವೈದ್ಯರನ್ನು ಸೋತವರೆಂದು ತಿಳಿಯಬೇಡಿ.

ಇಯುಎಸ್ ಅಂದರೆ ಏನು? ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನೇ?

ಅಲ್ಲ. ಎಂಡೋಸ್ಕೋಪಿನ ತುದಿಯಲ್ಲೇ ಪುಟ್ಟ ಅಲ್ಟ್ರಾಸೌಂಡ್ ಯಂತ್ರ ಇರುತ್ತದೆ. ಜಠರ ಅಥವಾ ಡ್ಯುಯೊಡಿನಮ್ ಒಳಗೆ ನಿಂತು ಗೋಡೆಯಾಚೆಗಿನ ಪಿತ್ತನಾಳ, ರಕ್ತನಾಳ, ಗಡ್ಡೆ ಎಲ್ಲವನ್ನೂ ನೋಡಬಹುದು. ಸೂಜಿ ಹೋಗುವ ದಾರಿ ಉದ್ದಕ್ಕೂ ಪರದೆಯ ಮೇಲೆ ಕಾಣುತ್ತದೆ. ಜಠರದ ಗೋಡೆಯಿಂದ ಲಿವರ್‌ನ ಎಡಭಾಗ, ಡ್ಯುಯೊಡಿನಮ್ ಗೋಡೆಯಿಂದ ಮುಖ್ಯ ಪಿತ್ತನಾಳ – ಎರಡೂ ತೀರಾ ಹತ್ತಿರ. ಈ ಹತ್ತಿರವನ್ನೇ ಬಳಸಿಕೊಂಡು ಗೋಡೆಯ ಮೂಲಕ ಹೊಸ ದಾರಿ ಮಾಡಿ ಪಿತ್ತವನ್ನು ಇಳಿಸುವ ವಿಧಾನವನ್ನು ಫ್ರಾನ್ಸ್‌ನ ಮಾರ್ಕ್ ಜೊವಾನಿನಿ ಮತ್ತು ಸಂಗಡಿಗರು 2001ರಲ್ಲಿ ಮೊದಲು ಪ್ರಕಟಿಸಿದರು.

ಸ್ಟೆಂಟ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ಎರಡು ಮುಖ್ಯ ದಾರಿಗಳಿವೆ. ಡ್ಯುಯೊಡಿನಮ್‌ನಿಂದ ನೇರವಾಗಿ ಮುಖ್ಯ ಪಿತ್ತನಾಳಕ್ಕೆ ಹಾಕುವುದು ಕೊಲೆಡೊಕೊಡ್ಯುಯೊಡಿನೊಸ್ಟಮಿ. ವರದಿಯಲ್ಲಿ ಸಿಡಿಎಸ್ ಎಂದು ಬರೆದಿರುತ್ತಾರೆ. ಜಠರದಿಂದ ಲಿವರ್‌ನ ಎಡಭಾಗದ ಒಳನಾಳಕ್ಕೆ ಹಾಕುವುದು ಹೆಪಟಿಕೊಗ್ಯಾಸ್ಟ್ರೊಸ್ಟಮಿ, ಅಂದರೆ ಎಚ್‌ಜಿಎಸ್.

ಇವಲ್ಲದೆ ಇನ್ನೂ ಮೂರು ಉಪಾಯಗಳಿವೆ. ಇಯುಎಸ್ ಸೂಜಿಯಿಂದ ತಂತಿಯನ್ನು ನಾಳದೊಳಗೆ ಬಿಟ್ಟು ಪ್ಯಾಪಿಲ್ಲಾದಿಂದ ಹೊರಗೆ ತಂದು, ಆ ತಂತಿ ಹಿಡಿದು ಇಆರ್‌ಸಿಪಿ ಮುಗಿಸುವುದು ಒಂದು. ಲಿವರ್ ಕಡೆಯಿಂದ ಕೆಳಮುಖವಾಗಿ ಗಡ್ಡೆಯ ಮೂಲಕವೇ ಸ್ಟೆಂಟ್ ಇಳಿಸುವುದು ಇನ್ನೊಂದು. ಎರಡೂ ಕೈಗೂಡದಿದ್ದರೆ ಪಿತ್ತಕೋಶವನ್ನೇ ಜಠರಕ್ಕೋ ಡ್ಯುಯೊಡಿನಮ್‌ಗೋ ಜೋಡಿಸುವುದುಂಟು. ಪಿತ್ತಕೋಶದ ಕೊಳವೆ ಮುಖ್ಯನಾಳವನ್ನು ಸೇರುವ ಜಾಗ ಗಡ್ಡೆಗಿಂತ ಮೇಲಿದ್ದು ತೆರೆದಿದ್ದರೆ ಮಾತ್ರ ಈ ಕೊನೆಯದು ಉಪಯೋಗಕ್ಕೆ ಬರುತ್ತದೆ.

ಯಾರಿಗೆ ಯಾವ ದಾರಿ? ವೈದ್ಯರು ಹೇಗೆ ನಿರ್ಧರಿಸುತ್ತಾರೆ?

ಇಡೀ ಚಿಕಿತ್ಸೆಯ ಫಲ ನಿಂತಿರುವುದು ಈ ನಿರ್ಧಾರದ ಮೇಲೆ. ಮೊದಲು ನೋಡುವುದು ತಡೆ ಎಲ್ಲಿದೆ ಎಂಬುದನ್ನು. ಮೇದೋಜೀರಕದ ಹತ್ತಿರ, ಅಂದರೆ ನಾಳದ ಕೆಳತುದಿಯಲ್ಲಿದ್ದರೆ ಸಿಡಿಎಸ್, ಎಚ್‌ಜಿಎಸ್ ಎರಡೂ ಸಾಧ್ಯ. ಎಡ–ಬಲ ನಾಳಗಳು ಕೂಡುವ ಜಾಗದಲ್ಲೇ ತಡೆಯಿದ್ದರೆ ಸಿಡಿಎಸ್‌ನಿಂದ ಏನೂ ಆಗದು. ಸ್ಟೆಂಟ್ ತಡೆಯ ಕೆಳಗೆ ಕೂರುತ್ತದೆ. ಅಲ್ಲಿ ಎಚ್‌ಜಿಎಸ್ ಎಡಭಾಗವನ್ನು ಮಾತ್ರ ಖಾಲಿ ಮಾಡುತ್ತದೆ. ಬಲಭಾಗಕ್ಕೆ ಇಆರ್‌ಸಿಪಿಯ ಅಥವಾ ಚರ್ಮದ ಮೂಲಕ ಹಾಕುವ ಕೊಳವೆಯ ನೆರವು ಬೇಕಾಗಬಹುದು. ಕೆಲಸ ಮಾಡುವ ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗದಿಂದ ಪಿತ್ತ ಇಳಿದರೆ ಕಾಮಾಲೆ ತಗ್ಗುತ್ತದೆ. ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್) ಅಥವಾ ಸಿ.ಟಿ. ನೋಡಿ ಯಾವ ಭಾಗ ದೊಡ್ಡದು, ಯಾವುದು ಕುಗ್ಗಿದೆ ಎಂದು ಮೊದಲೇ ಲೆಕ್ಕ ಹಾಕಬೇಕು.

ಆಮೇಲೆ ಅಳತೆ. ಸಿಡಿಎಸ್‌ನ ಲೋಹದ ಸ್ಟೆಂಟಿಗೆ ಮುಖ್ಯ ಪಿತ್ತನಾಳ ಕನಿಷ್ಠ 12 ಮಿ.ಮೀ. ಅಗಲಕ್ಕೆ ಹಿಗ್ಗಿರಬೇಕು. 15 ಮಿ.ಮೀ. ಇದ್ದರೆ ನಿರಾಳ. ಆರೋಗ್ಯವಂತರಲ್ಲಿ ಇದು 6–7 ಮಿ.ಮೀ. ಮಾತ್ರ ಇರುತ್ತದೆ. ಕರುಳಿನ ಗೋಡೆಗೂ ನಾಳಕ್ಕೂ ನಡುವೆ 10 ಮಿ.ಮೀ.ಗಿಂತ ಹೆಚ್ಚು ದೂರ ಇರಬಾರದು. ಎಚ್‌ಜಿಎಸ್‌ಗೆ ಲಿವರ್‌ನೊಳಗಿನ ನಾಳ ಸುಮಾರು 5 ಮಿ.ಮೀ. ಹಿಗ್ಗಿದ್ದರೆ ಸೂಜಿ ತಪ್ಪುವುದು ಕಡಿಮೆ.

ಇನ್ನೊಂದನ್ನು ಹಲವರು ಮರೆಯುತ್ತಾರೆ: ಡ್ಯುಯೊಡಿನಮ್‌ನ ಮುಂದಿನ ಗತಿ ಏನು? ಗಡ್ಡೆ ಈಗಾಗಲೇ ಡ್ಯುಯೊಡಿನಮ್ಮನ್ನು ಒತ್ತುತ್ತಿದ್ದರೆ, ಅಥವಾ ಕೆಲವೇ ವಾರಗಳಲ್ಲಿ ಒತ್ತುವಂತಿದ್ದರೆ, ತಿಂದದ್ದು ಮುಂದೆ ಹೋಗದೆ ಸಿಡಿಎಸ್ ಸ್ಟೆಂಟ್ ಇರುವ ಜಾಗದಲ್ಲೇ ನಿಲ್ಲುತ್ತದೆ, ಅಲ್ಲಿಂದ ಪಿತ್ತನಾಳಕ್ಕೆ ನುಗ್ಗುತ್ತದೆ. ಮತ್ತೆ ಮತ್ತೆ ಜ್ವರ ಬರುವುದು ಇದರಿಂದಲೇ. ಅಂಥವರಿಗೆ ಎಚ್‌ಜಿಎಸ್ ಮೇಲು. ತಿಂದದ್ದೆಲ್ಲ ವಾಂತಿಯಾಗುತ್ತಿದ್ದರೆ ಜಠರವನ್ನು ಮುಂದಿನ ಕರುಳಿಗೆ ಇಯುಎಸ್ ಮೂಲಕವೇ ಜೋಡಿಸುವ ಚಿಕಿತ್ಸೆಯೂ ಇದೆ. ಎರಡನ್ನೂ ಒಟ್ಟಿಗೆ ಯೋಜಿಸಬೇಕು. ವೈದ್ಯರನ್ನು ನೇರವಾಗಿ ಕೇಳಿ: "ಡ್ಯುಯೊಡಿನಮ್ ಈಗ ತೆರೆದಿದೆಯೇ?"

ಚರ್ಮದ ಮೂಲಕ ಕೊಳವೆ ಹಾಕಿ ಹೊರಗೆ ಚೀಲ ಕಟ್ಟುವುದಕ್ಕಿಂತ ಇದು ಒಳ್ಳೆಯದೇ?

ಪಿಟಿಬಿಡಿ ಎಂಬ ಆ ವಿಧಾನದಲ್ಲಿ ಪಕ್ಕೆಲುಬಿನ ಸಂದಿನಿಂದ ಅಥವಾ ಎದೆಮೂಳೆಯ ಕೆಳಗಿನಿಂದ ಲಿವರ್‌ಗೆ ಸೂಜಿ ಹಾಕಿ ಕೊಳವೆ ಬಿಡುತ್ತಾರೆ. ಪಿತ್ತ ಹೊರಗೆ ಹರಿದುಹೋಗುವಾಗ ನೀರು, ಸೋಡಿಯಂ, ಬೈಕಾರ್ಬೊನೇಟ್ ಕೂಡ ಹೋಗುತ್ತವೆ. ಕೊಳವೆ ಜಾರುತ್ತದೆ, ಕಟ್ಟಿಕೊಳ್ಳುತ್ತದೆ, ಚರ್ಮದ ಸುತ್ತ ಸೋರುತ್ತದೆ, ಮಲಗಲು ಹಿಂಸೆ. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಕಾಮಾಲೆ ಇಳಿಸುವುದರಲ್ಲಿ ಎರಡೂ ಸಮಸಮ. ಆದರೆ ಇಯುಎಸ್ ಮಾಡಿಸಿಕೊಂಡವರು ಮತ್ತೆ ಮತ್ತೆ ಆಸ್ಪತ್ರೆಗೆ ಬರುವುದು ಕಡಿಮೆ, ತೊಡಕುಗಳೂ ಕಡಿಮೆ. ಇಯುಎಸ್‌ನಲ್ಲಿ ಪಿತ್ತ ಕರುಳಿಗೇ ಇಳಿಯುವುದರಿಂದ ಕೊಬ್ಬು ಜೀರ್ಣವಾಗಲು ನೆರವಾಗುತ್ತದೆ.

ಹಾಗಂತ ಪಿಟಿಬಿಡಿಯನ್ನು ಕೀಳಾಗಿ ನೋಡಬೇಕಿಲ್ಲ. ನಂಜೇರಿ ಅರಿವಳಿಕೆ ತಾಳದ ರೋಗಿಗೆ, ಬಲಭಾಗದ ನಾಳಗಳು ಮಾತ್ರ ಕಟ್ಟಿದವರಿಗೆ, ಇಯುಎಸ್‌ನಲ್ಲಿ ಪಳಗಿದ ಕೈ ಇಲ್ಲದ ಆಸ್ಪತ್ರೆಯಲ್ಲಿ ಅದೇ ಸರಿಯಾದ ಆಯ್ಕೆ.

ಹಾಗಿದ್ದರೆ ಇಆರ್‌ಸಿಪಿ ಬಿಟ್ಟು ಮೊದಲೇ ಇಯುಎಸ್ ಮಾಡಬಾರದೇ?

ನಾಳದ ಕೆಳಭಾಗದ ತಡೆಗೆ ಈ ಪ್ರಶ್ನೆ ನ್ಯಾಯವಾದದ್ದೇ. 2023ರಲ್ಲಿ ಪ್ರಕಟವಾದ ಎರಡು ಯಾದೃಚ್ಛಿಕ (ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ನಿರ್ಧರಿಸುವ) ಅಧ್ಯಯನಗಳು ಸಿಡಿಎಸ್ಸನ್ನೂ ಇಆರ್‌ಸಿಪಿಯನ್ನೂ ಮೊದಲ ಚಿಕಿತ್ಸೆಯಾಗಿ ಹೋಲಿಸಿದವು. ವರ್ಷದ ಕೊನೆಗೆ ಸ್ಟೆಂಟ್ ತೆರೆದಿರುವುದರಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಇಯುಎಸ್ ಬೇಗ ಮುಗಿಯಿತು. ಪ್ಯಾಪಿಲ್ಲಾವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಸಿಡಿಎಸ್‌ನಲ್ಲಿ ಮೇದೋಜೀರಕದ ಉರಿಯೂತದ ಭಯವೂ ತೀರ ಕಡಿಮೆ. ಆದರೆ ಆ ಅಧ್ಯಯನಗಳಲ್ಲಿ ಕೆಲಸ ಮಾಡಿದವರು ನುರಿತವರು. ಇಆರ್‌ಸಿಪಿ ಚೆನ್ನಾಗಿ ಮಾಡುವ, ಇಯುಎಸ್ ಅಪರೂಪಕ್ಕೆ ಮಾಡುವ ಕಡೆ ಇಆರ್‌ಸಿಪಿಯೇ ಮೊದಲು. ವಿಧಾನಕ್ಕಿಂತ ಕೈ ಮುಖ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮುಂಚೆ ಏನು ತಯಾರಿ ಬೇಕು?

ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಆದ್ದರಿಂದ ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್‌ಆರ್ ಪರೀಕ್ಷೆ ಕಡ್ಡಾಯ. ಹೆಚ್ಚಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು 1.5ಕ್ಕಿಂತ ಕೆಳಗೆ ತರುತ್ತಾರೆ. ಪ್ಲೇಟ್‌ಲೆಟ್ 50,000ಕ್ಕಿಂತ ಹೆಚ್ಚಿರಬೇಕು.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಪಾಯಿಂಟ್‌ಮೆಂಟ್ ಗೊತ್ತಾದ ದಿನವೇ ಹೇಳಿ. ಕ್ಲೊಪಿಡೊಗ್ರೆಲ್ ಸಾಮಾನ್ಯವಾಗಿ 5–7 ದಿನ, ವಾರ್ಫರಿನ್ 5 ದಿನ, ಹೊಸ ಬಗೆಯ ಮಾತ್ರೆಗಳು 2–3 ದಿನ ಮೊದಲು ನಿಲ್ಲಬೇಕು. ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಮುಂಚೆ. ಆಸ್ಪಿರಿನ್ನನ್ನು ಬಹಳಷ್ಟು ಕಡೆ ಮುಂದುವರಿಸುತ್ತಾರೆ. ಹೃದಯಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗ ತಜ್ಞರ ಮಾತಿಲ್ಲದೆ ಒಂದು ಮಾತ್ರೆಯನ್ನೂ ಬಿಡಬಾರದು.

ಗಟ್ಟಿ ಆಹಾರವನ್ನು 6–8 ಗಂಟೆ ಮೊದಲೇ ನಿಲ್ಲಿಸಬೇಕು. ವಾಂತಿ ಆಗುತ್ತಿದ್ದರೆ, ಹೊಟ್ಟೆ ಭಾರವೆನಿಸುತ್ತಿದ್ದರೆ ಆರೆಂಟು ಗಂಟೆ ಸಾಲದು. ಹಿಂದಿನ ದಿನದ ಊಟ ಇನ್ನೂ ಜಠರದಲ್ಲೇ ಇರಬಹುದು. ಅರಿವಳಿಕೆ ಕೊಟ್ಟಾಗ ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಅಂಥವರಿಗೆ ಮೂಗಿನ ಕೊಳವೆಯಿಂದ ಹೊಟ್ಟೆ ಖಾಲಿ ಮಾಡಿ, ಉಸಿರಿನ ಕೊಳವೆ ಹಾಕಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ಈ ಲಕ್ಷಣಗಳನ್ನು ಅರಿವಳಿಕೆ ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ. ಶುರುವಿಗೆ ಮುನ್ನ ಒಂದು ಡೋಸ್ ಆಂಟಿಬಯಾಟಿಕ್ ಸಿಗುತ್ತದೆ.

ಒಳಗೆ ನಿಜವಾಗಿ ಏನು ಮಾಡುತ್ತಾರೆ?

ಸಿಡಿಎಸ್‌ನಲ್ಲಿ ಈಗ ಹೆಚ್ಚಾಗಿ ಬಳಸುವುದು ನೂಲು ಸುತ್ತುವ ರೀಲಿನಾಕಾರದ, ಎರಡೂ ತುದಿಯಲ್ಲಿ ಅಗಲ ಅಂಚುಳ್ಳ ಲೋಹದ ಸ್ಟೆಂಟ್. ಇದರ ನಡುಭಾಗದ ಅಗಲ 6 ಅಥವಾ 8 ಮಿ.ಮೀ. ಮಡಚಿದ ಸ್ಟೆಂಟ್ ಒಂದು ಕೊಳವೆಯೊಳಗಿರುತ್ತದೆ. ಕೊಳವೆಯ ತುದಿಯಲ್ಲಿ ವಿದ್ಯುತ್ತಿನಿಂದ ಅಂಗಾಂಶ ಕೊಯ್ಯುವ ಲೋಹದ ಮೂತಿ ಇರುತ್ತದೆ. ವೈದ್ಯರು ಡ್ಯುಯೊಡಿನಮ್‌ನ ಮೊದಲ ಭಾಗದಲ್ಲಿ ನಿಂತು ನಾಳದ ಅಗಲ ಅಳೆಯುತ್ತಾರೆ, ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿ ದಾರಿಯಲ್ಲಿ ರಕ್ತನಾಳ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಕರೆಂಟ್ ಕೊಟ್ಟು ಕೊಳವೆಯನ್ನು ಒಂದೇ ಚಲನೆಯಲ್ಲಿ ನಾಳದೊಳಗೆ ತಳ್ಳುತ್ತಾರೆ. ಒಳತುದಿಯ ಅಂಚು ನಾಳದಲ್ಲಿ ಬಿಚ್ಚಿಕೊಳ್ಳುತ್ತದೆ. ಅದು ನಾಳದ ಗೋಡೆಗೆ ತಾಗುವವರೆಗೆ ಮೆಲ್ಲಗೆ ಹಿಂದಕ್ಕೆಳೆದು ಹೊರತುದಿಯನ್ನು ಕರುಳಿನಲ್ಲಿ ಬಿಡುತ್ತಾರೆ. ತಡೆದಿದ್ದ ಪಿತ್ತ ಕಪ್ಪು–ಹಸಿರಾಗಿ ಚಿಮ್ಮಿ ಬರುವುದು ಕ್ಯಾಮೆರಾದಲ್ಲಿ ಕಾಣುತ್ತದೆ. ನುರಿತವರಿಗೆ ಇಷ್ಟಕ್ಕೆ 15–20 ನಿಮಿಷ ಸಾಕು.

ಎಚ್‌ಜಿಎಸ್‌ನಲ್ಲಿ ಹಂತಗಳು ಹೆಚ್ಚು, ಎಡವುವ ಜಾಗಗಳೂ ಹೆಚ್ಚು. ಜಠರದ ಮೇಲ್ಭಾಗದಿಂದ 19 ಗೇಜ್ ಸೂಜಿಯನ್ನು ಲಿವರ್‌ನ ಮೂರನೇ ಭಾಗದ (ವೈದ್ಯರು ಲಿವರನ್ನು ಎಂಟು ಭಾಗಗಳಾಗಿ ಎಣಿಸುತ್ತಾರೆ) ನಾಳಕ್ಕೆ ಹಾಕುತ್ತಾರೆ. ಎರಡನೇ ಭಾಗದ ನಾಳ ಇನ್ನೂ ನೇರವಾಗಿ ಸಿಗುತ್ತದೆ, ಆದರೆ ಅಲ್ಲಿ ಸೂಜಿ ಜಠರದ ಬದಲು ಅನ್ನನಾಳದಿಂದ ಹೊರಟುಬಿಡಬಹುದು. ಹಾಗಾದರೆ ಎದೆಗೂಡಿನೊಳಗೆ ಗಾಳಿ, ಸೋಂಕು ಸೇರುತ್ತದೆ. ಸೂಜಿ ಹೋದ ಮೇಲೆ ಪಿತ್ತವನ್ನು ಎಳೆದು ನೋಡಿ, ಸ್ವಲ್ಪವೇ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನಾಳದ ಚಿತ್ರ ಪಡೆಯುತ್ತಾರೆ. ಡೈ ಹೆಚ್ಚು ಬಿಟ್ಟರೆ ಬರಿದಾಗದ ಕವಲುಗಳಿಗೂ ತುಂಬಿ ಅಲ್ಲಿ ಸೋಂಕು ಹುಟ್ಟುತ್ತದೆ.

ಅಲ್ಲಿಂದ 0.025 ಇಂಚಿನ ತಂತಿಯನ್ನು ಲಿವರ್‌ನ ಬುಡದ ಕಡೆಗೆ ಬಿಡಬೇಕು. ಅದು ಹಲವು ಬಾರಿ ಹೊರಅಂಚಿನ ಕಡೆಗೆ ತಿರುಗುತ್ತದೆ. ಹಿಂದಕ್ಕೆಳೆದರೆ ಸೂಜಿಯ ಹರಿತ ಅಂಚಿಗೆ ತಂತಿಯ ಮೇಲ್ಪದರ ಸುಲಿದುಹೋಗಬಹುದು. ಅದಕ್ಕೆ ಬಲ್ಲವರು ಮೊದಲು ಸೂಜಿಯ ತುದಿಯನ್ನು ನಾಳದಿಂದ ಲಿವರ್ ಮಾಂಸದೊಳಗೆ ಸರಿಸಿಕೊಂಡು, ಆಮೇಲೆ ತಂತಿಯನ್ನು ಎಳೆದು ದಿಕ್ಕು ಬದಲಿಸುತ್ತಾರೆ. ತಂತಿ ಸರಿಯಾಗಿ ಕೂತ ಮೇಲೆ ದಾರಿಯನ್ನು 4 ಮಿ.ಮೀ. ಬಲೂನ್ ಅಥವಾ 2 ಮಿ.ಮೀ. ದಪ್ಪದ ಕೊಯ್ಯುವ ಕೊಳವೆಯಿಂದ ಹಿಗ್ಗಿಸಿ, ಸುಮಾರು 10 ಸೆಂ.ಮೀ. ಉದ್ದದ ಲೋಹದ ಸ್ಟೆಂಟ್ ಬಿಡುತ್ತಾರೆ. ಲಿವರ್ ಒಳಗಿನ ತುದಿಗೆ ಹೊದಿಕೆ ಇರುವುದಿಲ್ಲ. ಇದ್ದರೆ ಪಕ್ಕದ ಕವಲುಗಳ ಬಾಯಿ ಮುಚ್ಚುತ್ತದೆ. ನಡುವೆ ಹೊದಿಕೆ ಬೇಕೇ ಬೇಕು, ಇಲ್ಲದಿದ್ದರೆ ಪಿತ್ತ ಹೊಟ್ಟೆಯೊಳಗೆ ಸೋರುತ್ತದೆ. ಜಠರದ ಕಡೆ ಕನಿಷ್ಠ 3 ಸೆಂ.ಮೀ. ಉಳಿಯಬೇಕು. ಉಸಿರಾಡುವಾಗ ಜಠರ, ಲಿವರ್ ಬೇರೆ ಬೇರೆಯಾಗಿ ಚಲಿಸುತ್ತವೆ. ಗಿಡ್ಡ ತುದಿ ಬಿಟ್ಟರೆ ಅದು ಜಠರದಿಂದ ಕಳಚಿ ಹೊಟ್ಟೆಯೊಳಗೆ ಹೋಗಿಬಿಡುತ್ತದೆ.

ಬಯಾಪ್ಸಿಯನ್ನೂ ಆಗಲೇ ತೆಗೆಯಬಹುದೇ?

ಹೌದು. ಸ್ಟೆಂಟಿಗಿಂತ ಮೊದಲು ತೆಗೆಯಬೇಕು. ರೋಗ ಇನ್ನೂ ಖಚಿತವಾಗಿಲ್ಲದಿದ್ದರೆ ಈ ಅವಕಾಶ ಬಿಡಬೇಡಿ. ಬಯಾಪ್ಸಿ ಇಲ್ಲದೆ ಕೀಮೋ ಶುರುವಾಗುವುದಿಲ್ಲ.

ಏನೇನು ತಪ್ಪಾಗಬಹುದು?

ನುರಿತ ಕೇಂದ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಪ್ರಯತ್ನಗಳು ಗುರಿ ಮುಟ್ಟುತ್ತವೆ. ಸಣ್ಣದು ದೊಡ್ಡದು ಸೇರಿ ಸುಮಾರು 10–20% ಜನರಿಗೆ ಏನಾದರೊಂದು ತೊಡಕು ಬರುತ್ತದೆ. ಬಹುಪಾಲು ಔಷಧದಲ್ಲೇ ಸರಿಹೋಗುತ್ತವೆ, ಕೆಲವು ಹಾಗಲ್ಲ.

ಅತ್ಯಂತ ಕೆಟ್ಟದ್ದು ಸ್ಟೆಂಟ್ ತಪ್ಪಿ ಬಿಚ್ಚಿಕೊಳ್ಳುವುದು. ಸಿಡಿಎಸ್‌ನಲ್ಲಿ ಒಳಅಂಚು ನಾಳದೊಳಗೆ ತೆರೆಯದೆ ಹೊರಗೆ ತೆರೆದರೆ ಕರುಳಿನಲ್ಲೂ ನಾಳದಲ್ಲೂ ತೂತು ಉಳಿದು ಪಿತ್ತ ಹೊಟ್ಟೆಗೆ ಸುರಿಯುತ್ತದೆ. ನಾಳ ಸಾಕಷ್ಟು ಹಿಗ್ಗಿಲ್ಲದಿದ್ದಾಗ, ಕೊಳವೆ ನಾಳದ ಎದುರು ಗೋಡೆಯನ್ನೂ ಚುಚ್ಚಿದಾಗ ಹೀಗಾಗುತ್ತದೆ. ಸ್ಟೆಂಟಿನೊಳಗಿಂದ ಮೊದಲೇ ತಂತಿ ಬಿಟ್ಟಿದ್ದರೆ ಅದರ ಮೇಲೆ ಹೊದಿಕೆಯ ಉದ್ದ ಸ್ಟೆಂಟ್ ಇಳಿಸಿ ಅಲ್ಲೇ ರಕ್ಷಿಸಬಹುದು. ತಂತಿ ಇಲ್ಲದಿದ್ದರೆ ಪಿಟಿಬಿಡಿ ಅಥವಾ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆದ್ದರಿಂದ ಈ ಚಿಕಿತ್ಸೆಯನ್ನು ರೇಡಿಯಾಲಜಿಸ್ಟ್ ಮತ್ತು ಸರ್ಜನ್ ಕೈಗೆಟಕುವ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಿ.

ಪಿತ್ತ ಸ್ವಲ್ಪ ಸೋರಿದರೆ ಒಂದೆರಡು ದಿನ ಹೊಟ್ಟೆನೋವು ಬಂದು ಕಡಿಮೆಯಾಗುತ್ತದೆ. ಹೆಚ್ಚು ಸೋರಿದರೆ ಹೊಟ್ಟೆ ಗಟ್ಟಿಯಾಗಿ ಜ್ವರ ಏರುತ್ತದೆ. ರಕ್ತಸ್ರಾವ ಮಲದಲ್ಲಿ ಕಪ್ಪಾಗಿ ಅಥವಾ ವಾಂತಿಯಲ್ಲಿ ಕೆಂಪಾಗಿ ಕಾಣಬಹುದು. ಹೊಟ್ಟೆಯೊಳಗೆ ಒಂದಿಷ್ಟು ಗಾಳಿ ಸೇರುವುದು ಅಪರೂಪವಲ್ಲ. ಚಿಕಿತ್ಸೆಯ ವೇಳೆ ಗಾಳಿಯ ಬದಲು ಕಾರ್ಬನ್ ಡೈ ಆಕ್ಸೈಡ್ ಬಳಸಿದ್ದರೆ ಅದು ಬೇಗ ಹೀರಿಹೋಗುತ್ತದೆ.

ಮೊದಲ ಎರಡು ದಿನ ಹೇಗಿರುತ್ತದೆ?

ಗಂಟಲು ಕೆರೆಯುತ್ತದೆ, ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ನೋವಿರುತ್ತದೆ. ಮೊದಲ ಕೆಲವು ಗಂಟೆ ಬಾಯಿಗೆ ಏನೂ ಇಲ್ಲ, ಆಮೇಲೆ ನೀರು, ಮರುದಿನ ಮೆತ್ತಗಿನ ಊಟ. ತೊಂದರೆ ಇಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ "ಗ್ಯಾಸ್ ಇರಬೇಕು" ಎಂದು ಬಿಡಬೇಡಿ. ಸಿ.ಟಿ. ಮಾಡಿ ಸ್ಟೆಂಟ್ ತನ್ನ ಜಾಗದಲ್ಲಿದೆಯೇ ಎಂದು ನೋಡಬೇಕು.

ಕಣ್ಣಿನ ಹಳದಿ ಯಾವಾಗ ಹೋಗುತ್ತದೆ?

ಮಲಕ್ಕೆ ಬಣ್ಣ ಮರಳುವುದು ಮೊದಲ ಒಳ್ಳೆಯ ಗುರುತು. ಎರಡು ಮೂರು ದಿನದಲ್ಲಿ ಕಾಣುತ್ತದೆ. ಮೂತ್ರವೂ ತಿಳಿಯಾಗುತ್ತ ಬರುತ್ತದೆ. ತುರಿಕೆ ಹಲವರಿಗೆ ವಾರದೊಳಗೆ ತಗ್ಗುತ್ತದೆ. ಕಣ್ಣು ಮಾತ್ರ ಹಿಂದುಳಿಯುತ್ತದೆ. ಬಹಳ ದಿನ ಕಾಮಾಲೆ ಇದ್ದವರಲ್ಲಿ ಬಿಲಿರುಬಿನ್‌ನ ಒಂದು ಪಾಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದು ಮೂತ್ರಕ್ಕೆ ಸೋಸಿಹೋಗುವುದಿಲ್ಲ. ಆಲ್ಬುಮಿನ್ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು. ಮೂತ್ರ ತಿಳಿಯಾಗಿದ್ದೂ ಕಣ್ಣು ಹಳದಿಯಾಗಿಯೇ ಇದ್ದರೆ ಗಾಬರಿ ಬೇಡ. ಎರಡು ವಾರದಲ್ಲಿ ಬಿಲಿರುಬಿನ್ ಅರ್ಧಕ್ಕಾದರೂ ಇಳಿದಿರಬೇಕು. ಇಳಿಯದಿದ್ದರೆ ಸ್ಟೆಂಟ್ ಕಟ್ಟಿದೆಯೇ, ಬರಿದಾಗದ ಭಾಗ ಉಳಿದಿದೆಯೇ, ಲಿವರ್ ತುಂಬ ಗಡ್ಡೆಗಳಿವೆಯೇ ಎಂದು ಹುಡುಕಬೇಕು.

ಊಟದಲ್ಲಿ ಪಥ್ಯ ಇದೆಯೇ?

ಕಾಮಾಲೆಗೆಂದು ಎಣ್ಣೆ, ಪ್ರೋಟೀನ್ ಎಲ್ಲ ಬಿಡಿಸಿ ರೋಗಿಯನ್ನು ಒಣಗಿಸುವುದು ದೊಡ್ಡ ತಪ್ಪು. ಈ ಕ್ಯಾನ್ಸರ್‌ನಲ್ಲಿ ತೂಕ ಇಳಿಯುವುದೇ ಶತ್ರು. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ, ಚೆನ್ನಾಗಿ ಅಗಿದು ತಿನ್ನಲಿ. ನಾರು ನಾರಾದ ತುಂಡುಗಳನ್ನು ಅಗಿಯದೆ ನುಂಗಿದರೆ ಅವು ಸ್ಟೆಂಟಿನ ಬಾಯಿಗೆ ಸಿಕ್ಕಿಕೊಳ್ಳಬಹುದು. ಪಿತ್ತ ಹರಿಯತೊಡಗಿದ ಮೇಲೂ ಮಲ ಜಿಡ್ಡಾಗಿ, ತೇಲುತ್ತ, ನಾರುತ್ತಿದ್ದರೆ ಮೇದೋಜೀರಕದ ಕಿಣ್ವಗಳ ಕೊರತೆ ಇದೆ ಎಂದರ್ಥ. ಊಟದ ಜೊತೆಗೇ ನುಂಗುವ ಕಿಣ್ವದ ಕ್ಯಾಪ್ಸೂಲ್ ಅದಕ್ಕಿದೆ. ಊಟವಾದ ಮೇಲೆ ನುಂಗಿದರೆ ಅರ್ಧ ವ್ಯರ್ಥ.

ಸ್ಟೆಂಟ್ ಎಷ್ಟು ಕಾಲ ಬರುತ್ತದೆ? ಮತ್ತೆ ಕಟ್ಟಿದರೆ?

ಲೋಹದ್ದು ಹಲವು ತಿಂಗಳು, ಹಲವರಲ್ಲಿ ವರ್ಷಕ್ಕೂ ಮಿಕ್ಕಿ. ಪ್ಲಾಸ್ಟಿಕ್‌ನದು ಸುಮಾರು ಮೂರು ತಿಂಗಳು. ಅಗುಳು, ಪಿತ್ತದ ಕೆಸರು, ಒಳಕ್ಕೆ ಬೆಳೆಯುವ ಗಡ್ಡೆ – ಯಾವುದಾದರೂ ಮುಚ್ಚಬಹುದು. ಮೂತ್ರ ಮತ್ತೆ ಗಾಢವಾಗುವುದು, ತುರಿಕೆ ಮರಳುವುದು, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಅಂದರೆ 100.4 ಫ್ಯಾರನ್‌ಹೀಟ್ – ಇವು ಎಚ್ಚರಿಕೆ.

ನಡುಕದೊಂದಿಗೆ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಯಿತೆಂದು ಸುಮ್ಮನಿರಬೇಡಿ. ಆ ರಾತ್ರಿಯೇ ತುರ್ತು ವಿಭಾಗಕ್ಕೆ ಹೋಗಿ, "ಪಿತ್ತನಾಳದಲ್ಲಿ ಸ್ಟೆಂಟ್ ಇದೆ" ಎಂಬುದನ್ನೇ ಮೊದಲ ಮಾತಾಗಿ ಹೇಳಿ. ಕೀಮೋ ನಡೆಯುತ್ತಿದ್ದರೆ ಅದನ್ನೂ ಹೇಳಿ. ಬಿಳಿ ರಕ್ತಕಣ ಕಡಿಮೆ ಇರುವಾಗ ಸೋಂಕು ಇನ್ನೂ ವೇಗವಾಗಿ ಏರುತ್ತದೆ.

ಕಟ್ಟಿದ ಸ್ಟೆಂಟನ್ನು ಹೆಚ್ಚಾಗಿ ತೆಗೆಯುವುದಿಲ್ಲ. ಅದರ ಬಾಯಿಯಿಂದಲೇ ಒಳಹೋಗಿ ಬಲೂನ್‌ನಿಂದ ಸ್ವಚ್ಛಗೊಳಿಸುತ್ತಾರೆ, ಬೇಕಿದ್ದರೆ ಎರಡೂ ತುದಿ ಸುರುಳಿಯಾದ ಪ್ಲಾಸ್ಟಿಕ್ ಸ್ಟೆಂಟನ್ನು ಅದರೊಳಗೇ ಬಿಡುತ್ತಾರೆ. ದಾರಿ ಮೊದಲೇ ಇರುವುದರಿಂದ ಎರಡನೇ ಸಲದ ಕೆಲಸ ಹಗುರ.

ಮುಂದೆ ಶಸ್ತ್ರಚಿಕಿತ್ಸೆ ಇದ್ದರೆ ಸ್ಟೆಂಟ್ ಬೇಕೇ?

ಗಡ್ಡೆಯನ್ನು ಬೇಗನೆ ತೆಗೆಯುವಂತಿದ್ದು, ಸೋಂಕು ಇಲ್ಲದಿದ್ದರೆ, ಹೆಚ್ಚಿನವರಿಗೆ ಬೇಡ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಮೊದಲು ಸ್ಟೆಂಟ್ ಹಾಕಿಸಿಕೊಂಡವರಿಗೇ ತೊಡಕು ಹೆಚ್ಚಾಯಿತು. ಅಲ್ಲಿ ಬಳಸಿದ್ದು ಪ್ಲಾಸ್ಟಿಕ್ ಸ್ಟೆಂಟ್ ಎಂಬುದು ನಿಜ, ಆದರೂ ಪಾಠ ಉಳಿದಿದೆ. ಜ್ವರ ಇದ್ದರೆ, ಬಿಲಿರುಬಿನ್ ಡೆಸಿಲೀಟರ್‌ಗೆ ಸುಮಾರು 15 ಮಿ.ಗ್ರಾಂ. ದಾಟಿದ್ದರೆ, ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋ ಕೊಡಬೇಕಿದ್ದರೆ ಮಾತು ಬೇರೆ. ಇಯುಎಸ್ ಸ್ಟೆಂಟ್ ಇದ್ದವರಿಗೂ ಮುಂದೆ ಗಡ್ಡೆ ತೆಗೆಯಬಹುದು, ಆದರೆ ಅದು ಎಲ್ಲಿ ಕೂತಿದೆ ಎಂಬುದು ಸರ್ಜನ್‌ನ ಕೆಲಸವನ್ನು ಬದಲಿಸುತ್ತದೆ. ಹಾಕುವ ಮೊದಲೇ ಸರ್ಜನ್ ಒಪ್ಪಿರಬೇಕು.

ಯಾರಿಗೆ ಇದು ಬೇಡ?

ಜಠರ ಮತ್ತು ಲಿವರ್ ನಡುವೆ ತುಂಬ ನೀರು ನಿಂತಿದ್ದರೆ, ಸೂಜಿಯ ದಾರಿಯಲ್ಲಿ ಉಬ್ಬಿದ ರಕ್ತನಾಳಗಳಿದ್ದರೆ, ರಕ್ತ ಹೆಪ್ಪುಗಟ್ಟದ ದೋಷ ಸರಿಹೋಗದಿದ್ದರೆ, ನಾಳಗಳು ಹಿಗ್ಗಿಲ್ಲದಿದ್ದರೆ. ಇನ್ನೊಂದು ಮಾತು ಹೇಳಲೇಬೇಕು. ರೋಗಿಯ ಕೊನೆಯ ದಿನಗಳು ಇವೆಂದು ಎಲ್ಲರಿಗೂ ಗೊತ್ತಿದ್ದು, ತುರಿಕೆ ಜ್ವರ ಯಾವುದೂ ಇಲ್ಲದಿದ್ದಾಗ, ಬಿಲಿರುಬಿನ್ ಎಂಬ ಅಂಕಿಯನ್ನು ಇಳಿಸಲು ಮಾತ್ರ ಸ್ಟೆಂಟ್ ಹಾಕಬೇಕಿಲ್ಲ. ಬೇಡವೆನ್ನುವ ಹಕ್ಕು ರೋಗಿಗಿದೆ, ಹಾಗೆಂದವರಿಗೆ ನೋವು, ತುರಿಕೆ, ವಾಕರಿಕೆ ಕಡಿಮೆ ಮಾಡುವ ಆರೈಕೆ ನಿಲ್ಲಬಾರದು.

ಸ್ಟೆಂಟ್ ಇದ್ದರೆ ಎಂಆರ್‌ಐ ಮಾಡಿಸಬಹುದೇ?

ಈ ಸ್ಟೆಂಟುಗಳು ಹೆಚ್ಚಾಗಿ ನಿಟಿನಾಲ್ ಎಂಬ ಮಿಶ್ರಲೋಹದವು. ತಯಾರಕರು ಹೇಳಿದ ಮಿತಿಯೊಳಗೆ ಎಂಆರ್‌ಐ ಮಾಡಬಹುದು. ಸ್ಕ್ಯಾನ್ ಕೋಣೆಯವರು ಕೇಳುವುದು ಸ್ಟೆಂಟಿನ ಹೆಸರು ಮತ್ತು ಮಾದರಿ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಸಿಡಿಎಸ್ಸೋ ಎಚ್‌ಜಿಎಸ್ಸೋ, ಸ್ಟೆಂಟಿನ ಹೆಸರು, ಅಗಲ, ಉದ್ದ, ಹೊದಿಕೆ ಇದೆಯೋ ಇಲ್ಲವೋ, ಹಾಕಿದ ತಾರೀಕು – ಇಷ್ಟೂ ಬರೆಸಿಕೊಂಡು, ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ. ತುರ್ತು ವಿಭಾಗದಲ್ಲಿ ಹೊಸ ವೈದ್ಯರು ಮೊದಲು ಕೇಳುವುದೂ ಇದನ್ನೇ.